ಜೋಡಿ ಲೆಕ್ಕ

ಬೆಳಕು ಹರಿಯುವ ಮುಂಚೆ ಆಗಬೇಕಾದ ಕೆಲಸಗಳು: ಹಾಲು ಒಲೆಗಿಟ್ಟು, ಅದು ಉಕ್ಕುವಷ್ಟರಲ್ಲಿ ಹಿಂದಿನ ದಿನದ ಪಾತ್ರೆಗಳನ್ನು ಸ್ಟ್ಯಾಂಡಿಗೆ ಜೋಡಿಸುವುದು. ನಲ್ಲಿಯಲ್ಲಿ ನೀರು ಬರುವ ದಿನವಾದರೆ ಡ್ರಮ್ಮಿಗೆ ಪೈಪು ಹಾಕಿ, ಡ್ರಮ್ಮು ತುಂಬಿತೇ ಎಂದು ನಡುನಡುವೆ ಕಿವಿಗೊಟ್ಟು ಕೇಳುವುದು. ಗಂಡನಿಗೆ ಸಕ್ಕರೆ ಇಲ್ಲದ ಚಹಾ, ಮಗನಿಗೆ ಸಕ್ಕರೆ ಇರುವ ಚಹಾ, ಬಸುರಿ ಸೊಸೆಗೆ ಚಹಾದ ವಾಸನೆಯೇ ಆಗದ್ದರಿಂದ ಬರೀ ಬಿಸಿನೀರು. ಪಾತ್ರೆಯ ತಳದಲ್ಲಿ ಏನು ಉಳಿಯಿತೋ ಅದು ತನ್ನ ಚಹಾ. ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಡುವುದು. ತರಕಾರಿಯನ್ನು ಎರಡು ಥರ ಹೆಚ್ಚುವುದು: ಗಂಡನ ಹಲ್ಲಿನ ಸಲುವಾಗಿ ಸಣ್ಣಗೆ, ಮಗನ ಸಲುವಾಗಿ ದಪ್ಪಗೆ, ಏಕೆಂದರೆ ಸಣ್ಣಗಿದ್ದರೆ ಅದು ಅವನಿಗೆ ಆಸ್ಪತ್ರೆಯ ಊಟದಂತೆ ಕಾಣುತ್ತದೆ. ಸೊಸೆಯ ಬಿಳಿ ಕೋಟಿಗೆ ಇಸ್ತ್ರಿ. ಬಾತ್‌ರೂಮಿನ ನೆಲ ಒರೆಸುವುದು, ಸೊಸೆ ಜಾರದಿರಲಿ ಎಂದು. ಗಂಡನ ಮಾತ್ರೆಗಳನ್ನು ಬಿಡಿಸಿ ಲೋಟದ ಪಕ್ಕ ಇಡುವುದು, ಲೋಟಕ್ಕೆ ನೀರು ಹಾಕಿಡುವುದು.

ಇವು ದಿನಾ ಇರುವಂಥವು. ಆದ್ದರಿಂದ ಆ ಮನೆಯಲ್ಲಿ ಇವನ್ನು ಯಾರೂ ಕೆಲಸ ಎನ್ನುತ್ತಿರಲಿಲ್ಲ. ಕೆಲಸ ಎಂದರೆ ಇದೆಲ್ಲ ಮುಗಿಸಿ ಅವಳು ಹೋಗುತ್ತಿದ್ದ ಸ್ಕೂಲು. ಅಲ್ಲಿ ಅವಳು ಆಯಾ. ಮಕ್ಕಳೂ ಟೀಚರುಗಳೂ ಗೇಟಿನವನೂ ಅವಳನ್ನು ಆಯಮ್ಮ ಎಂದೇ ಕರೆಯುತ್ತಿದ್ದರು.

ಆ ದಿನ ಸ್ಕೂಲಿನ ಕೋಟೆ ಪ್ರವಾಸವಿತ್ತು. ಹಾಗಾಗಿ ಇನ್ನೊಂದು ಕೆಲಸ ಸೇರಿಕೊಂಡಿತ್ತು. ವರ್ಷವೆಲ್ಲ ಕೂಡಿಟ್ಟ ಪ್ಲಾಸ್ಟಿಕ್ ಕವರುಗಳನ್ನು ಒಂದೊಂದಾಗಿ ಊದಿ, ಕೆನ್ನೆಗೆ ಹಿಡಿದು, ಗಾಳಿ ಸೋರುತ್ತದೆಯೇ ನೋಡಿ, ಸೋರದವನ್ನು ಮಾತ್ರ ಮಡಚಿ ಚೀಲಕ್ಕೆ ಹಾಕುವುದು. ತೂತಿನ ಕವರನ್ನು ವಾಂತಿ ಮಾಡುವ ಮಗುವಿನ ಮುಂದೆ ಹಿಡಿದರೆ ಏನಾಗುತ್ತದೆ ಎಂಬುದು ಅವಳಿಗೆ ಮೊದಲ ವರ್ಷದ ಪ್ರವಾಸದಲ್ಲೇ ಗೊತ್ತಾಗಿತ್ತು. ಮಕ್ಕಳು ಅವಳಿಗೆ ಇಟ್ಟ ಅಡ್ಡಹೆಸರು ಕವರಮ್ಮ.

ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅತ್ತೆ ಕವರು ಊದುವುದನ್ನು ನೋಡಿದಳು. ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವ ಕೆಲಸ ಅವಳದು. ಬರಿಹೊಟ್ಟೆಯಲ್ಲಿ ಬರುವವರಿಗಾಗಿ ಲ್ಯಾಬು ಬೇಗ ತೆರೆಯುತ್ತದೆ, ಅವಳೂ ಬೇಗ ಹೊರಡಬೇಕು.

"ಅತ್ತೆ, ಇವತ್ತು ಹೇಳಿಬಿಡ್ತೀರಾ ಸ್ಕೂಲಲ್ಲಿ?"

"ಹೇಳ್ಬೇಕಲ್ಲ."

"ನಿಜವಾಗ್ಲೂ ಬಿಡ್ತೀರಾ?"

"ನೀನು ಬಿಡ್ತೀಯಾ?"

ಸೊಸೆ ತನ್ನ ಊದಿದ ಪಾದಗಳನ್ನು ನೋಡಿಕೊಂಡಳು. "ನಾನು ಬಿಟ್ರೆ ಮತ್ತೆ ಸಿಗಲ್ಲ ಅತ್ತೆ."

"ಹ್ಞೂಂ. ಕೋಟು ಕುರ್ಚಿ ಮೇಲಿದೆ, ಬಿಸಿ ಇದೆ, ಈಗಲೇ ಹಾಕ್ಕೋಬೇಡ."

ವಿಷಯ ಇಷ್ಟು. ಬೇಸಿಗೆ ರಜೆಯಲ್ಲಿ ಮಗು ಹುಟ್ಟುತ್ತದೆ. ಸ್ಕೂಲು ಮತ್ತೆ ತೆರೆಯುವ ಹೊತ್ತಿಗೆ ಸೊಸೆಯೂ ಕೆಲಸಕ್ಕೆ ಹಿಂದಿರುಗಬೇಕು. ಮಗುವನ್ನು ನೋಡಿಕೊಳ್ಳಲು ಯಾರಾದರೂ ಮನೆಯಲ್ಲಿರಬೇಕು. ಸೊಸೆಯ ತಾಯಿ ಆಗಲೇ ದೊಡ್ಡ ಮಗಳ ಮಕ್ಕಳನ್ನು ನೋಡಿಕೊಂಡಿದ್ದಾಳೆ. ಹೋದ ಭಾನುವಾರ ಮಧ್ಯಾಹ್ನ ಊಟದ ಮೇಜಿನ ಸುತ್ತ ಕೂತು ಅಪ್ಪ, ಮಗ, ಸೊಸೆ ಈ ಕುರಿತು ಮಾತಾಡಿದರು. ಆಯಮ್ಮ ಆಗ ಒಳಗೆ ರೊಟ್ಟಿ ಬೇಯಿಸುತ್ತಿದ್ದಳು. ಒಲೆಯ ಸದ್ದಿನಲ್ಲಿ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕೊನೆಯ ರೊಟ್ಟಿ ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಮಾತು ಮುಗಿದಿತ್ತು.

"ಎಲ್ಲಾ ತೀರ್ಮಾನ ಆಯ್ತಮ್ಮ," ಎಂದ ಮಗ. ಅವನಿಗೆ ಮೊಬೈಲು ರಿಪೇರಿಯ ಅಂಗಡಿ. "ಇನ್ಮೇಲೆ ನೀನು ಸ್ಕೂಲು ಗೀಲು ಅಂತ ಓಡಾಡೋದು ಬೇಡ. ಆರಾಮಾಗಿ ಮನೇಲಿರು."

"ಸಾಕಲ್ಲ, ಎಷ್ಟು ಅಂತ ದುಡೀತೀಯ," ಎಂದರು ಗಂಡ, ರೊಟ್ಟಿಗೆ ಕೈ ಚಾಚುತ್ತ.

ಮೂರು ಜನರೂ ಅವಳಿಗೆ ಒಳ್ಳೆಯದು ಮಾಡಿದ ಮುಖದಲ್ಲಿದ್ದರು. ಅವಳು ರೊಟ್ಟಿ ಬಡಿಸಿದಳು.

ಗಂಡ ನೀರು ಸರಬರಾಜು ಇಲಾಖೆಯಲ್ಲಿದ್ದವರು. ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಬಿಡಬೇಕೋ ಆ ಹೊತ್ತಿಗೆ ಹೋಗಿ ವಾಲ್ವು ತಿರುಗಿಸುವುದು ಅವರ ಕೆಲಸ. ಊರಿಗೆಲ್ಲ ಹೊತ್ತುಹೊತ್ತಿಗೆ ನೀರು ಬಿಟ್ಟವರು, ಮನೆಯಲ್ಲಿ ಒಂದು ಲೋಟ ನೀರನ್ನು ಎದ್ದು ಕುಡಿದವರಲ್ಲ. ನಿವೃತ್ತರಾಗಿ ಈಗ ಬೆಳಗ್ಗೆ ಪೇಪರು, ಮಧ್ಯಾಹ್ನ ನಿದ್ದೆ, ಸಂಜೆ ಪಾರ್ಕಿನ ಕಲ್ಲುಬೆಂಚು. ಅವರು ಕೆಟ್ಟವರಲ್ಲ. ಬಾಗಿಲ ಬಳಿ ಕೂತು, ಹೋಗಿಬರುವವರಿಗೆಲ್ಲ "ಹುಷಾರು, ಮೆಟ್ಟಿಲು ಒದ್ದೆ ಇದೆ" ಎಂದು ಹೇಳುತ್ತಾರೆ. ಒರೆಸಲು ಅವರಿಗೆ ತೋಚುವುದಿಲ್ಲ, ಅಷ್ಟೇ.

ಅವಳು ಆಯಾ ಆದದ್ದೂ ಯೋಚಿಸಿ ಆದದ್ದಲ್ಲ. ಮಗನನ್ನು ಒಂದನೇ ಕ್ಲಾಸಿಗೆ ಬಿಡಲು ಬಂದ ದಿನ ಗೇಟಿನ ಹತ್ತಿರ ಯಾವುದೋ ಮಗು ಹೆದರಿ ವಾಂತಿ ಮಾಡಿಕೊಂಡಿತು. ನಿಂತ ತಾಯಂದಿರೆಲ್ಲ ಬಟ್ಟೆ ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು. ಇವಳು ಸರಿಯಲಿಲ್ಲ. ಮಗುವಿನ ಬಾಯಿ ತೊಳೆಸಿ, ನೆಲಕ್ಕೆ ಮಣ್ಣು ಹಾಕಿ ಬಳಿದಳು. ಆಗಿನ ಹೆಡ್‌ಮೇಡಂ ಕಿಟಕಿಯಿಂದ ನೋಡಿ ಕರೆಸಿದರು. ಮಗ ಸ್ಕೂಲು ಮುಗಿಸಿ ಹೋದ, ಇವಳು ಉಳಿದಳು.

ಉಳಿದದ್ದಕ್ಕೆ ಮಕ್ಕಳ ಮೇಲಿನ ಪ್ರೀತಿ ಕಾರಣವೆಂದು ಟೀಚರುಗಳು ವಾರ್ಷಿಕೋತ್ಸವದ ಭಾಷಣಗಳಲ್ಲಿ ಹೇಳುತ್ತಾರೆ. ಮಕ್ಕಳೇನೋ ಸರಿ. ಆದರೆ ಮೆಟ್ಟಿಲ ಕೆಳಗೆ ಅವಳಿಗೆಂದು ಒಂದು ಚಿಕ್ಕ ಕೋಣೆಯಿತ್ತು. ನೆಲ ಒರೆಸುವ ಬಟ್ಟೆ, ಬಕೆಟ್ಟು, ಫಿನಾಯಿಲು, ಮಕ್ಕಳು ಬಿಟ್ಟುಹೋದ ಒಂಟಿ ಸಾಕ್ಸುಗಳ ಡಬ್ಬ, ಒಂದು ಸ್ಟೂಲು, ಚೀಲ ತೂಗುಹಾಕಲು ಒಂದು ಮೊಳೆ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಮಧ್ಯಾಹ್ನದ ಊಟವಾದ ಮೇಲೆ ಅವಳು ಚಿಲಕ ಹಾಕಿಕೊಂಡು ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಿದ್ದಳು. ಅವಳು ಇಟ್ಟ ವಸ್ತು ಇಟ್ಟಲ್ಲೇ ಸಿಗುತ್ತಿದ್ದ ಜಾಗ ಅದೊಂದೇ. ಮನೆಯಲ್ಲಿ ಎಲ್ಲ ಕೋಣೆಗಳೂ ಅವಳವೇ ಆಗಿದ್ದವು, ಗುಡಿಸುವ ಮಟ್ಟಿಗೆ.

ಹೆಡ್‌ಮೇಡಂ ಹಿಂದಿನ ದಿನ ಕೇಳಿದ್ದರು. "ಏನ್ ಮಾಡಿದ್ರಿ ಆಯಮ್ಮ? ಬಿಡೋದಾದ್ರೆ ಟ್ರಿಪ್ಪಿಂದ ಬಂದ ತಕ್ಷಣ ಹೇಳ್ಬಿಡಿ. ಇನ್ನೊಬ್ಬಳು ಕೇಳ್ಕೊಂಡು ಬಂದಿದಾಳೆ, ಅವಳನ್ನ ಕಾಯ್ಸೋಕಾಗಲ್ಲ."

"ಬಂದು ಹೇಳ್ತೀನಿ ಮೇಡಂ."

ಹೇಳುವುದು ಏನೆಂದು ಆಗಲೇ ತೀರ್ಮಾನವಾಗಿತ್ತಲ್ಲ. ಆದರೂ ಅವಳ ಬಾಯಿಂದ ಅದು ಹಿಂದಿನ ದಿನವೇ ಹೊರಬಿದ್ದಿರಲಿಲ್ಲ. ಯಾಕೆಂದು ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಬಸ್ಸು ಹೊರಡುವ ಮುನ್ನ ಜೋಡಿ ಲೆಕ್ಕ ನಡೆಯಿತು. ಇದು ಆ ಸ್ಕೂಲಿನ ಪದ್ಧತಿ, ಶುರು ಮಾಡಿದ್ದು ಆಯಮ್ಮನೇ. ಬಹಳ ಹಿಂದೆ ಒಂದು ಪ್ರವಾಸದಲ್ಲಿ ತಲೆ ಎಣಿಸುವಾಗ ಮಕ್ಕಳು ಅತ್ತಿತ್ತ ಓಡಾಡಿ, ಒಬ್ಬನನ್ನು ಎರಡು ಸಲ ಎಣಿಸಿ, ಇನ್ನೊಬ್ಬನನ್ನು ಬಿಟ್ಟು ಬಂದಿದ್ದರು. ಅಂದಿನಿಂದ ಎಣಿಸುವುದನ್ನೇ ನಿಲ್ಲಿಸಿದರು. ಪ್ರತಿ ಮಗುವಿಗೂ ಒಂದು ಜೋಡಿ. ಟೀಚರ್ ಸೀಟಿ ಊದಿದ ಕೂಡಲೇ ಜೋಡಿಗಳು ಕೈ ಹಿಡಿದು ಮೇಲೆತ್ತಬೇಕು. ಕೈ ಸಿಗದವರು ಕಿರುಚಬೇಕು. ಯಾರೂ ಕಿರುಚದಿದ್ದರೆ ಎಲ್ಲರೂ ಇದ್ದಾರೆ ಎಂದರ್ಥ. ಪ್ರವಾಸದ ಉಸ್ತುವಾರಿ ಹೊತ್ತ ದೊಡ್ಡ ಟೀಚರಿಗೆ ಡ್ರಾಯಿಂಗ್ ಟೀಚರು ಜೋಡಿ, ಅವರಿಬ್ಬರೂ ಮಕ್ಕಳ ಹಾಗೇ ಕೈ ಎತ್ತುತ್ತಿದ್ದರು. ಬೇರೆ ಸ್ಕೂಲಿನವರೂ ಇದನ್ನು ನೋಡಿ ಕಲಿತುಕೊಂಡು ಹೋಗಿದ್ದರು.

ಕೋಟೆಯ ದಾರಿ ತಿರುವುಗಳ ದಾರಿ. ಮೂರನೇ ತಿರುವಿಗೇ ಕೆಲಸ ಶುರುವಾಯಿತು. "ಆಯಮ್ಮಾ, ಇವಳು!" "ಆಯಮ್ಮಾ, ಇವನೂ!" ಅವಳು ಸೀಟುಗಳ ನಡುವೆ ಕವರು ಹಿಡಿದು ನಡೆದಳು. ಮುಂದಿನ ಹಲ್ಲೆರಡೂ ಬಿದ್ದ ಒಂದು ಹುಡುಗಿ, ಎಲ್ಲರೂ ಬೊಚ್ಚಿ ಎನ್ನುತ್ತಿದ್ದವಳು, ನಾಲ್ಕು ಕವರು ಮುಗಿಸಿ ಬಸವಳಿದು ಮಲಗಿಬಿಟ್ಟಳು. ಬಸ್ಸು ಕೋಟೆಯ ಕೆಳಗೆ ನಿಂತಾಗ ದೊಡ್ಡ ಟೀಚರು ಬೊಚ್ಚಿಯ ಹಣೆ ಮುಟ್ಟಿ ನೋಡಿದರು.

"ಇವಳು ಹತ್ತೋದು ಬೇಡ. ಆಯಮ್ಮ ಹೇಗೂ ಇಲ್ಲೇ ಇರ್ತಾರಲ್ಲ."

ಆಯಮ್ಮ ಹೇಗೂ ಅಲ್ಲೇ ಇರುತ್ತಿದ್ದಳು. ಬಂದ ವರ್ಷಗಳಲ್ಲೆಲ್ಲ ಅವಳು ಕೆಳಗೆ ಮರದ ನೆರಳಲ್ಲಿ ಚೀಲಗಳ ರಾಶಿಯ ಪಕ್ಕ ಕೂತವಳು. ಕೋಟೆಯನ್ನು ಅವಳು ಕಂಡದ್ದು ಮಕ್ಕಳ ಬಾಯಲ್ಲಿ. ಒಂದು ವರ್ಷ ಮೇಲೆ ಚಿನ್ನದ ಸಿಂಹಾಸನವಿತ್ತು, ಮರುವರ್ಷ ಬರೀ ಬಾವಲಿಗಳಿದ್ದವು. ಬಾವಿಯಲ್ಲಿ ಮೊಸಳೆ ಇದೆ ಎಂದು ಒಬ್ಬ ಆಣೆ ಮಾಡಿದ್ದ. ರಾಣಿ ಗೋಡೆಯಿಂದ ಹಾರಿದಳು ಎಂದು ಒಬ್ಬಳು, ಹಾರಲಿಲ್ಲ, ದಬ್ಬಿದರು ಎಂದು ಅವಳ ಜೋಡಿ. ಇದನ್ನೆಲ್ಲ ಕೂಡಿಸಿ ಅವಳ ತಲೆಯಲ್ಲಿ ಒಂದು ಕೋಟೆ ಇತ್ತು. ಇನ್ನು ಬರುವುದಿಲ್ಲವಾದ್ದರಿಂದ ನಿಜವಾದದ್ದನ್ನು ಒಂದು ಸಲ ನೋಡಬೇಕೆಂದು ಅವಳು ಬಸ್ಸಿನಲ್ಲಿ ಕೂತಾಗಲೇ ಅಂದುಕೊಂಡಿದ್ದಳು.

ಮಕ್ಕಳ ಸದ್ದು ಮೇಲಕ್ಕೆ ಹೋಗಿ ಮರೆಯಾಯಿತು. ಡ್ರೈವರು ಸೀಟು ಹಿಂದಕ್ಕೆ ಬಾಗಿಸಿ ಟವೆಲು ಮುಖದ ಮೇಲೆ ಹಾಕಿಕೊಳ್ಳುತ್ತಿದ್ದ. ಅವನ ಮೀಸೆ ದೊಡ್ಡದು, ಟವೆಲಿನ ಎರಡೂ ಬದಿಯಿಂದ ಇಣುಕುತ್ತಿತ್ತು.

"ಡ್ರೈವರಣ್ಣ, ಈ ಮಗೂನ ಸ್ವಲ್ಪ ನೋಡ್ಕೊಳ್ತೀರಾ? ಮೇಲೆ ಹೋಗಿ ಬಂದ್ಬಿಡ್ತೀನಿ."

ಟವೆಲು ಕೆಳಗಿಳಿಯಿತು. "ನಾನಾ? ನನಗೆ ಬಸ್ ನೋಡ್ಕೊಳ್ಳೋದು ಗೊತ್ತು ಆಯಮ್ಮ. ಮಗು ಎಲ್ಲಿ ಗೊತ್ತು?"

"ಬಸ್ಸಿಗಿಂತ ಸುಲಭ. ಡೀಸೆಲ್ ಬದಲು ನೀರು. ಹಾರ್ನು ಅದೇ ಹೊಡ್ಕೊಳುತ್ತೆ."

"ಮತ್ತೆ ಬಂತು ಅಂದ್ರೆ?"

"ಕವರ್ ಹಿಡೀರಿ, ಬಾಯಿ ತೊಳೆಸಿ, ಮುಗೀತು."

"ಅತ್ರೆ?"

"ಅಳ್ಲಿ."

ಡ್ರೈವರು ಟವೆಲು ಹೆಗಲಿಗೆ ಹಾಕಿಕೊಂಡ. ಎದ್ದು ಹಿಂದಿನ ಸೀಟಿಗೆ ಬಂದು, ಪರೀಕ್ಷೆಗೆ ಕೂತವನಂತೆ ಬೊಚ್ಚಿಯ ಪಕ್ಕ ಕೂತ. ಬೊಚ್ಚಿ ಒಂದು ಕಣ್ಣು ತೆರೆದು ಅವನನ್ನು ನೋಡಿದಳು.

"ಇದು ನಿಜವಾದ ಮೀಸೇನಾ?"

"ಎಳೆದು ನೋಡು."

ಎಳೆದಳು. "ಅಯ್ಯೋ ಶಿವನೇ," ಎಂದ ಅವನು. ಬೊಚ್ಚಿಗೆ ಅಂದು ಮೊದಲ ಸಲ ನಗು ಬಂತು. ಆಯಮ್ಮ ಬಾಗಿಲಲ್ಲಿ ತಿರುಗಿ ನೋಡುವಾಗ ಅವನು ತನ್ನ ಟವೆಲನ್ನು ಬಾಟಲಿಯ ನೀರಲ್ಲಿ ಒದ್ದೆ ಮಾಡಿ ಮಗುವಿನ ಹಣೆಗೆ ಹಾಕುತ್ತಿದ್ದ. ಹಾಗೆ ಮಾಡಿ ಎಂದು ಅವಳು ಹೇಳಿರಲಿಲ್ಲ.

ಟಿಕೆಟ್ ಕೊಡುವ ಹೆಂಗಸು ಗೂಡಿನಂಥ ಕಿಟಕಿಯಿಂದ ಅವಳನ್ನು ಗುರುತು ಹಿಡಿದಳು. "ಓಹೋ, ಈ ಸಲ ನೀವೂನಾ! ಪ್ರತಿ ವರ್ಷಾ ನೋಡ್ತೀನಿ ನಿಮ್ಮನ್ನ, ಆ ಮರದ ಕೆಳಗೆ. ಮೊಣಕಾಲು ನೋವೇನೋ ಅಂದ್ಕೊಂಡಿದ್ದೆ."

"ಮೊಣಕಾಲು ಈಗ ನೋಯ್ತಿದೆ. ಆಗ ಚೆನ್ನಾಗೇ ಇತ್ತು."

ಅವಳು ನಿಧಾನವಾಗಿ ಹತ್ತಿದಳು. ಸಿಂಹಾಸನ ಇರಲಿಲ್ಲ, ಅದಿದ್ದ ಕಟ್ಟೆ ಇತ್ತು. ಬಾವಿಯ ಬಾಯಿಗೆ ಕಬ್ಬಿಣದ ಬಲೆ ಹಾಕಿದ್ದರು, ಒಳಗೆ ಚಿಪ್ಸಿನ ಪ್ಯಾಕೆಟ್ಟುಗಳು ತೇಲುತ್ತಿದ್ದವು. ಒಂದು ತಿರುವಿನಲ್ಲಿ ಮಕ್ಕಳ ಗುಂಪು ಎದುರಾಯಿತು. "ಏ, ಕವರಮ್ಮ ಮೇಲೆ ಬಂದಿದಾಳೋ!" ಎಂದು ಯಾವನೋ ಕೂಗಿದ. ಮರುಗಳಿಗೆಯಲ್ಲಿ ಅವಳ ಸುತ್ತ ಬಿಚ್ಚಿದ ಶೂ ದಾರಗಳು, ಸುರಿಯುವ ಮೂಗುಗಳು, ಒಂದಕ್ಕೆ ಹೋಗಬೇಕಾದವರು. ಅವಳು ಕೂತು ದಾರ ಕಟ್ಟಿದಳು. ದೊಡ್ಡ ಟೀಚರು ಹುಬ್ಬು ಏರಿಸಿದರು.

"ಆಯಮ್ಮ! ಚೀಲ ಯಾರು ನೋಡ್ಕೊಳ್ತಿದಾರೆ? ಮಗು?"

"ಡ್ರೈವರಣ್ಣ ಇದಾರೆ."

"ಅವರಾ! ಸರಿ, ಒಂದು ಸುತ್ತು ನೋಡ್ಕೊಂಡು ಬೇಗ ಇಳೀರಿ."

ಗೈಡು ಕೈಯಲ್ಲಿ ಕೋಲು ಹಿಡಿದು ಕುದುರೆ ಲಾಯ ತೋರಿಸುತ್ತಿದ್ದ. ರಾಜನ ಕುದುರೆಗಳಿಗೆ ಸೆಕೆಯಾಗದಂತೆ ಗೋಡೆಯುದ್ದಕ್ಕೂ ಕಿಟಕಿಗಳನ್ನು ಬಿಟ್ಟಿದ್ದನ್ನು ಎಣಿಸಿ ಹೇಳಿದ. ಯಾವ ಕುದುರೆಗೆ ಏನು ಹೆಸರಿತ್ತು ಎಂದೂ ಹೇಳಿದ. ಪಕ್ಕದ ಉದ್ದನೆಯ ಕಟ್ಟಡದ ಮುಂದೆ ಅವನ ಕೋಲು ನಿಲ್ಲಲೇ ಇಲ್ಲ.

"ಇದೇನು ಸಾರ್?" ಎಂದು ಒಬ್ಬಳು ಕೇಳಿದಳು.

"ಅದು ಅಡುಗೆಮನೆ. ಅಲ್ಲೇನೂ ಇಲ್ಲ, ಬನ್ನಿ ಬನ್ನಿ, ಫಿರಂಗಿ ನೋಡೋಣ."

ಗುಂಪು ಫಿರಂಗಿಯ ಕಡೆ ಓಡಿತು. ಆಯಮ್ಮ ಒಳಗೆ ಹೋದಳು.

ಸಾಲಾಗಿ ಕಲ್ಲಿನ ಒಲೆಗಳು. ಒಂದೊಂದರ ಬಾಯಲ್ಲೂ ಮಗು ಮಲಗಬಹುದಾದಷ್ಟು ಜಾಗ. ಗೋಡೆ ಮೇಲಿನವರೆಗೆ ಕಪ್ಪು. ಮೂಲೆಯಲ್ಲಿ ನಡುವೆ ಸವೆದು ತಗ್ಗಾದ ರುಬ್ಬುವ ಕಲ್ಲು, ನೆಲದಲ್ಲಿ ನೀರು ಹರಿದುಹೋಗುವ ಕಾಲುವೆ, ಚಾವಣಿಯಲ್ಲಿ ಹೊಗೆ ಹೋಗಲು ಒಂದು ತೂತು. ಕಿಟಕಿ ಇರಲಿಲ್ಲ. ಅವಳು ಗೋಡೆಯುದ್ದಕ್ಕೂ ನಡೆದು ನೋಡಿದಳು, ನಿಜವಾಗಿಯೂ ಇರಲಿಲ್ಲ. ಹೊರಗಿನ ಫಲಕದಲ್ಲಿ ಇದನ್ನು ಕಟ್ಟಿಸಿದ ರಾಜನ ಹೆಸರಿತ್ತು.

ಒಲೆಗಳ ಎದುರಿನ ಕಟ್ಟೆಯ ಮೇಲೆ ಅವಳು ಕೂತಳು. ತಂಪಾಗಿತ್ತು. ಅವಳಿಗೆ ಒಂದು ಕಾಲಕ್ಕೆ ಅಲ್ಲಿ ಬೇಯಿಸಿದ ಹೆಂಗಸರ ನೆನಪಾಗಿ ಕಣ್ಣು ತುಂಬಿತು ಎಂದೆಲ್ಲ ಬರೆಯಬಹುದು, ಆದರೆ ಹಾಗೇನೂ ಆಗಲಿಲ್ಲ. ಇಷ್ಟು ಒಲೆಗಳ ಬೂದಿಯನ್ನು ಎಲ್ಲಿಗೆ ಹೊತ್ತು ಹಾಕುತ್ತಿದ್ದರು ಎಂದು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅದನ್ನೂ ಯೋಚಿಸಲಿಲ್ಲ. ಅಡುಗೆಮನೆಯೊಂದರಲ್ಲಿ ಏನೂ ಮಾಡದೆ ಕೂತಿದ್ದಳು, ಯಾರೂ ಕರೆಯಲಿಲ್ಲ. ಎಷ್ಟು ಹೊತ್ತಾಯಿತೆಂದು ಅವಳಿಗೆ ತಿಳಿಯಲಿಲ್ಲ. ಫೋನು ಚೀಲದಲ್ಲಿತ್ತು, ಚೀಲ ಬಸ್ಸಿನಲ್ಲಿತ್ತು.

ಸೀಟಿಯ ಸದ್ದು ಕೇಳಿಸಿದ್ದು ಕೆಳಗಿನಿಂದ. ಅವಳು ಎದ್ದು ಗೋಡೆಯ ಹತ್ತಿರ ಬಂದು ಬಗ್ಗಿ ನೋಡಿದಳು. ಬೆಂಕಿಪೊಟ್ಟಣದಷ್ಟು ಬಸ್ಸು. ಅದರ ಪಕ್ಕ ಮಕ್ಕಳು ಸಾಲಾಗಿ ನಿಂತಿದ್ದರು. ಸೀಟಿ ಮತ್ತೆ ಕೇಳಿಸಿತು, ಜೋಡಿ ಕೈಗಳು ಒಟ್ಟಿಗೆ ಮೇಲೆದ್ದವು. ಇಷ್ಟು ವರ್ಷ ಆ ಕೈಗಳ ಮಧ್ಯೆಯೇ ಓಡಾಡಿದವಳು, ಮೇಲಿನಿಂದ ನೋಡಿದ್ದು ಇದೇ ಮೊದಲು. ಚೆನ್ನಾಗಿ ಕಂಡಿತು. ಒಂದು ಹುಡುಗಿ ಮಾತ್ರ ಒಂಟಿ ಕೈ ಎತ್ತಿ ಬಸ್ಸಿನ ಕಡೆ ತೋರಿಸುತ್ತಿದ್ದಳು. ಅವಳ ಜೋಡಿ ಬೊಚ್ಚಿ, ಒಳಗೆ ಮಲಗಿದ್ದಾಳೆ. ದೊಡ್ಡ ಟೀಚರೂ ಡ್ರಾಯಿಂಗ್ ಟೀಚರೂ ಕೈ ಎತ್ತಿದರು. ಯಾರೂ ಕಿರುಚಲಿಲ್ಲ.

ಲೆಕ್ಕ ಸರಿಯಾಗಿತ್ತು. ಮಕ್ಕಳು ಹತ್ತಿದರು, ಚೀಲಗಳು ಹತ್ತಿದವು, ಬಾಗಿಲು ಮುಚ್ಚಿತು.

ಬಸ್ಸು ತಿರುಗಿಸಿ ನಿಲ್ಲಿಸುತ್ತಿದ್ದಾರೆ ಎಂದು ಅವಳು ಅಂದುಕೊಂಡಳು. ಬಸ್ಸು ತಿರುಗಿತು, ರಸ್ತೆಗಿಳಿಯಿತು, ಮೊದಲ ತಿರುವಿನಲ್ಲಿ ಮರೆಯಾಯಿತು. "ಏಯ್," ಎಂದಳು ಅವಳು, ಮೆಲ್ಲಗೆ, ಪಕ್ಕದಲ್ಲಿದ್ದವರಿಗೆ ಹೇಳುವ ಹಾಗೆ. ಮಕ್ಕಳ ಜೊತೆ ಹತ್ತಿದ್ದಾಳೆ ಎಂದು ಡ್ರೈವರೂ ಅಂದುಕೊಂಡಿರಬೇಕು. ಆಯಮ್ಮನಿಗೆ ಜೋಡಿ ಇರಲಿಲ್ಲ. ಪದ್ಧತಿ ಮಾಡುವಾಗ ಅದು ಅವಳಿಗೂ ಹೊಳೆದಿರಲಿಲ್ಲ.

ಕೆಳಗೆ ಬಂದಾಗ ಟಿಕೆಟಿನ ಹೆಂಗಸು ಗೂಡಿನಿಂದ ಅರ್ಧ ಹೊರಗೆ ಬಂದಿದ್ದಳು. "ಅಯ್ಯೋ, ಬಿಟ್ಟೇ ಹೋದ್ರಲ್ರೀ! ನೀವು ಬಸ್ಸಿನೊಳಗಿದೀರಿ ಅಂದ್ಕೊಂಡೆ ನಾನು. ತಕ್ಷಣ ಫೋನ್ ಮಾಡಿ, ತಗೊಳ್ಳಿ ನನ್ನ ಫೋನು."

"ಸ್ಕೂಲಿನ ನಂಬರ್ ಬಾಯಿಪಾಠ ಇಲ್ಲ. ಬಸ್ಸಿನ ಹಿಂದೆ ಬರ್ದಿದೆ."

"ಬಸ್ಸೇ ಹೋಯ್ತಲ್ಲ!"

"ಅದೇ ಮತ್ತೆ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಹೆಂಗಸು ಕೇಳಿದಳು, "ಮನೆ ನಂಬರ್ ಗೊತ್ತಾ? ಮನೆಯವ್ರು ಬಂದು ಕರ್ಕೊಂಡು ಹೋಗ್ತಾರೆ."

"ನಮ್ಮನೆಯವ್ರಾ? ಅವ್ರು ಅಡುಗೆಮನೆವರೆಗೇ ಬರಲ್ಲ, ಇಲ್ಲಿವರೆಗೆ ಬರ್ತಾರಾ?"

ಆದರೂ ಅವಳು ಫೋನು ತೆಗೆದುಕೊಂಡಳು. ಅವಳಿಗೆ ಬಾಯಿಪಾಠ ಬರುತ್ತಿದ್ದ ನಂಬರು ಗಂಡನದೊಂದೇ.

"ಯಾರು?" ಎಂದರು ಅವರು.

"ನಾನು."

"ಓ, ನೀನಾ. ಒಳ್ಳೇ ಹೊತ್ತಿಗೆ ಮಾಡಿದೆ. ಚಹಾ ಪುಡಿ ಡಬ್ಬ ಎಲ್ಲಿಟ್ಟಿದೀಯ? ಆಗ್ಲಿಂದ ಹುಡುಕ್ತಿದೀನಿ."

"ಒಲೆ ಮೇಲಿನ ಶೆಲ್ಫು. ಎಡಗಡೆ. ಕೆಂಪು ಮುಚ್ಚಳ."

ಡಬ್ಬಗಳ ಸದ್ದು ಕೇಳಿಸಿತು. "ಸಿಕ್ತು ಸಿಕ್ತು. ನೀರು ಎಷ್ಟು ಹಾಕ್ಲಿ?"

"ಒಂದು ಲೋಟ. ಕುದಿ ಬಂದ ಮೇಲೆ ಪುಡಿ."

"ಆಮೇಲೆ ಸೋಸೋದು. ಅದು ಗೊತ್ತು." ಸ್ವಲ್ಪ ಹೆಮ್ಮೆಯೇ ಇತ್ತು ದನಿಯಲ್ಲಿ. "ಸ್ಕೂಲಲ್ಲಿ ಹೇಳಿದ್ಯಾ?"

"ಇಲ್ಲ."

"ಹೇಳ್ಬಿಡು. ಮರೀಬೇಡ. ಫೋನ್ ಇಡ್ಲಾ? ನೀರು ಒಲೆ ಮೇಲಿದೆ."

ಯಾರದೋ ಫೋನಿನಿಂದ ಯಾಕೆ ಮಾಡಿದೆ ಎಂದು ಅವರು ಕೇಳಲಿಲ್ಲ. ತಾನಾಗಿ ಹೇಳಬಹುದಿತ್ತು, ಅವಳೂ ಹೇಳಲಿಲ್ಲ. ಫೋನು ವಾಪಸು ಕೊಟ್ಟಳು.

"ಏನಂದ್ರು?"

"ಚಹಾ ಮಾಡ್ತಿದಾರೆ."

"ಅಷ್ಟೇನಾ? ಈಗೇನ್ ಮಾಡ್ತೀರಿ?"

"ಬರ್ತಾರೆ, ಬಸ್ಸಿನವ್ರು. ತಿರುವಿನ ರಸ್ತೆ. ಯಾರಾದ್ರೂ ಒಬ್ಬರಿಗೆ ವಾಂತಿ ಬರ್ಲಿ, ತಕ್ಷಣ ಬರ್ತಾರೆ."

ಹೆಂಗಸು ನಗುತ್ತ ಗೂಡಿನೊಳಗೆ ಹೋದಳು, ಯಾರೋ ಟಿಕೆಟಿಗೆ ಬಂದಿದ್ದರು. ಆಯಮ್ಮ ಮರದ ಕೆಳಗೆ ಕೂತಳು. ಪಕ್ಕದಲ್ಲಿ ಈಗ ಚೀಲಗಳ ರಾಶಿ ಇರಲಿಲ್ಲ.

ಬಸ್ಸು ಅವಳಿಲ್ಲದೆ ಹೋಯಿತು, ಆಕಾಶ ಕಳಚಿ ಬೀಳಲಿಲ್ಲ. ಬೊಚ್ಚಿಯನ್ನು ಅವಳು ಡ್ರೈವರಿನ ಹತ್ತಿರ ಬಿಟ್ಟು ಹೋದಳು, ಬೊಚ್ಚಿಗೂ ಏನೂ ಆಗಲಿಲ್ಲ, ಆಗಿದ್ದರೆ ಬಸ್ಸಿನ ಪಕ್ಕ ಅಷ್ಟು ಶಾಂತವಾಗಿ ಕೈ ಏಳುತ್ತಿರಲಿಲ್ಲ. ಗಂಡಸಿನ ಕೈಗೆ ಮಗು ಕೊಟ್ಟರೆ ಮಗು ಅಳಬಹುದು, ಮೀಸೆ ಎಳೆಯಬಹುದು, ಬೀಳುವುದಿಲ್ಲ. ಇದರಲ್ಲಿ ಹೊಸದೇನೂ ಇಲ್ಲ. ಆದರೆ ಭಾನುವಾರ ಮೇಜಿನ ಸುತ್ತ ಮೂವರು ಕೂತು, ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರು ಇರುತ್ತಾರೆ ಎಂದು ಯೋಚಿಸಿದಾಗ, ದಿನವಿಡೀ ಮನೆಯಲ್ಲೇ ಇರುವ ಮನುಷ್ಯ ಅದೇ ಮೇಜಿಗೆ ಕೂತು ರೊಟ್ಟಿ ತಿನ್ನುತ್ತಿದ್ದರು. ಅವರ ಹೆಸರು ಮಗನಿಗೆ ಹೊಳೆಯಲಿಲ್ಲ, ಸೊಸೆಗೆ ಹೊಳೆಯಲಿಲ್ಲ, ಅವರಿಗಂತೂ ಇಲ್ಲವೇ ಇಲ್ಲ. ರೊಟ್ಟಿ ಬಡಿಸುತ್ತಿದ್ದ ತನಗೂ ಹೊಳೆಯಲಿಲ್ಲ ಎಂಬುದು ಅವಳಿಗೆ ಈಗ ವಿಚಿತ್ರವೆನಿಸಿತು. ಬೀದಿಬೀದಿಗೆ ಹೊತ್ತು ತಪ್ಪದೆ ನೀರು ಬಿಟ್ಟವರಿಗೆ ಹೊತ್ತಿಗೆ ಸರಿಯಾಗಿ ಹಾಲಿನ ಬಾಟಲಿ ಹಿಡಿಯಲು ಏನು ಕಷ್ಟ? ಬಟ್ಟೆ ಬದಲಾಯಿಸಲು ಕಲಿಯುತ್ತಾರೆ. ಮೊದಲು ಮೂಗು ಮುಚ್ಚಿಕೊಳ್ಳುತ್ತಾರೆ, ಎರಡು ದಿನ ಪಾರ್ಕಿನವರ ಮುಂದೆ ಗೋಳು ತೋಡಿಕೊಳ್ಳುತ್ತಾರೆ, ಆಮೇಲೆ ಮಗುವನ್ನೇ ಎತ್ತಿಕೊಂಡು ಪಾರ್ಕಿಗೆ ಹೋಗುತ್ತಾರೆ. ಮಗ ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬರುತ್ತಾನಲ್ಲ, ಅಪ್ಪನಿಗೆ ನಿದ್ದೆಗೆ ಬಿಡುವು ಬೇಕಿದ್ದರೆ ಅವನು ಕೊಡಲಿ. ಸೊಸೆ ಕೆಲಸ ಬಿಡುವುದು ಬೇಡ. ತಾನೂ ಬೇಡ.

ಸ್ಕೂಲೇನು ಅವಳನ್ನು ತಲೆ ಮೇಲೆ ಹೊತ್ತುಕೊಂಡಿರಲಿಲ್ಲ. ಇವತ್ತೇ ನೋಡಿದಳಲ್ಲ. ಚೀಲಗಳನ್ನು ನೆನಪಿಟ್ಟುಕೊಂಡವರು ಅವಳನ್ನು ಮರೆತರು. ಮನೆ ಮಾತ್ರ ಮರೆಯುವುದಿಲ್ಲ, ಹಸಿವಾದಾಗಲೆಲ್ಲ ನೆನಪು ಮಾಡಿಕೊಳ್ಳುತ್ತದೆ. ಆದರೆ ಸ್ಕೂಲಿಗೆ ಸಂಜೆಯ ಗಂಟೆ ಇದೆ. ಅದು ಹೊಡೆದ ಮೇಲೆ ಅಲ್ಲಿ ಯಾರೂ ಆಯಮ್ಮ ಎಂದು ಕೂಗುವುದಿಲ್ಲ. ಮನೆಗೆ ಗಂಟೆ ಇಲ್ಲ. ಮೆಟ್ಟಿಲ ಕೆಳಗಿನ ಕೋಣೆಗೆ ಚಿಲಕ ಇದೆ. ಇಷ್ಟು ಸಾಕೇ ಎಂದು ತನ್ನನ್ನೇ ಕೇಳಿಕೊಂಡಳು. ಸಾಕು ಎನಿಸಿತು.

ಗದ್ದಲ ಆಗುತ್ತದೆ. ಅದನ್ನೂ ಅವಳು ಕೂತಲ್ಲೇ ನೋಡಿದಳು. ಮಗ "ಏನಮ್ಮ ನೀನು" ಎನ್ನುತ್ತಾನೆ. ಗಂಡ ಮೊದಲು ನಗುತ್ತಾರೆ, ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಬಿ.ಪಿ. ಮಾತ್ರೆ ಕೇಳುತ್ತಾರೆ. ನೆಂಟರ ಹೆಂಗಸರು, ಮೊಮ್ಮಗು ಬೇಡವಾದ ಅಜ್ಜಿ ಎಂದು ಬಾಯಿಗೆ ಬಂದಂತೆ ಆಡಿಕೊಳ್ಳುತ್ತಾರೆ. ಸೊಸೆ ಏನನ್ನುತ್ತಾಳೋ ಗೊತ್ತಿಲ್ಲ, ಮಾವನ ಕೈಗೆ ಮಗು ಕೊಟ್ಟು ಹೋಗಲು ಅವಳಿಗೆ ಹೆದರಿಕೆಯಾಗಬಹುದು. ಇದನ್ನೆಲ್ಲ ಮೊದಲೇ ಮನೆಯಲ್ಲಿ ಕೇಳಿದರೆ ಮತ್ತೆ ಮೇಜಿನ ಸುತ್ತ ಮಾತಾಗುತ್ತದೆ, ಅವಳು ಮತ್ತೆ ಒಳಗೆ ಒಲೆಯ ಮುಂದಿರುತ್ತಾಳೆ.

ದೂರದ ತಿರುವಿನಲ್ಲಿ ಹಾರ್ನು ಕೇಳಿಸಿತು. ಒಂದೇ ಸಮನೆ ಹೊಡೆದುಕೊಂಡು ಬರುತ್ತಿತ್ತು. ಟಿಕೆಟಿನ ಹೆಂಗಸು ಕಿಟಕಿಯಿಂದ ತಲೆ ಹಾಕಿದಳು. "ನೀವು ಹೇಳಿದ್ದು ನಿಜ, ಬಂದ್ರು ನೋಡಿ! ಮನೆಗೆ ಇನ್ನೊಂದು ಸಲ ಫೋನ್ ಮಾಡ್ತೀರ? ಬಸ್ ಸಿಕ್ತು ಅಂತ ಹೇಳೋಕೆ?"

ಆಯಮ್ಮ ಮಂಡಿ ಹಿಡಿದು ಎದ್ದಳು.

"ಬೇಡ," ಎಂದಳು. "ಮೊದಲು ಹೆಡ್‌ಮೇಡಂಗೆ ಹೇಳ್ತೀನಿ, ಮುಂದಿನ ವರ್ಷವೂ ನಾನೇ ಬರ್ತೀನಿ ಅಂತ. ಮನೇಲಿ ಆಮೇಲೆ ಹೇಳಿದ್ರಾಯ್ತು."